ಗೆರೆಯಾಚೆ ನಿಂತ ಆಟಗಾರ

ಯಕ್ಷಗಾನದಲ್ಲಿ ಭಾಗವತರನ್ನು 'ಮೊದಲನೆಯ ವೇಷ' ಎಂದು ಕರೆಯುವ ರೂಢಿಯಿದೆ. ಅವರು ಬಣ್ಣ ಹಚ್ಚುವುದಿಲ್ಲ, ಗೆಜ್ಜೆ ಕಟ್ಟುವುದಿಲ್ಲ. ಆದರೂ ರಂಗಕ್ಕೆ ಯಾರು ಯಾವಾಗ ಬರಬೇಕು, ಯಾವ ಪದ್ಯವನ್ನು ಹಿಗ್ಗಿಸಬೇಕು, ಪ್ರಸಂಗವನ್ನು ಎಲ್ಲಿ ಓಡಿಸಬೇಕು ಎಂಬುದೆಲ್ಲ ಅವರ ಕೈಯಲ್ಲೇ ಇರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಸೀಮೆಯಲ್ಲಿ ಬೆಳಗಿನ ತನಕ ಕುಳಿತು ಆಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫುಟ್‌ಬಾಲ್‌ನಲ್ಲಿ ಇಂಥದೇ ಒಂದು ಸ್ಥಾನವಿದೆ. ಅದು ತಂಡದ ಮ್ಯಾನೇಜರನ ಸ್ಥಾನ.

ಮ್ಯಾನೇಜರ್ ಎಂಬ ಮಾತು ನಮ್ಮಲ್ಲಿ ಸ್ವಲ್ಪ ಗೊಂದಲ ಹುಟ್ಟಿಸುವಂಥದು. ನಮ್ಮ ಕ್ರಿಕೆಟ್ ತಂಡಗಳಲ್ಲಿ ಮ್ಯಾನೇಜರ್ ಎಂದರೆ ಪ್ರಯಾಣ, ವಸತಿ, ಊಟೋಪಚಾರ, ಕಾಗದಪತ್ರಗಳನ್ನು ನೋಡಿಕೊಳ್ಳುವ ಅಧಿಕಾರಿ. ಯೂರೋಪಿನ ಫುಟ್‌ಬಾಲ್‌ನಲ್ಲಿ, ಅದರಲ್ಲೂ ಇಂಗ್ಲೆಂಡಿನಲ್ಲಿ, ಮ್ಯಾನೇಜರ್ ಎಂದರೆ ಹನ್ನೊಂದು ಮಂದಿಯನ್ನು ಆರಿಸುವವನು, ಆಟದ ತಂತ್ರ ಹೆಣೆಯುವವನು, ಹೊಸ ಆಟಗಾರರನ್ನು ಹುಡುಕಿ ತರುವವನು. ತಂಡ ಸಾಲಾಗಿ ಸೋತರೆ ಎಲ್ಲರಿಗಿಂತ ಮೊದಲು ಕೆಲಸ ಕಳೆದುಕೊಳ್ಳುವವನೂ ಅವನೇ. ಭಾರತದಲ್ಲಿ ಈ ಹೊಣೆಯ ಬಹುಪಾಲನ್ನು ಹೊರುವವರನ್ನು ಕೋಚ್ ಅಥವಾ ತರಬೇತುದಾರ ಎಂದು ಕರೆಯುತ್ತಾರೆ.

ಗೋಲು ಹೊಡೆದು ಹೆಸರು ಮಾಡಿದವರು ಮೈದಾನದ ಗೆರೆಯಾಚೆ ನಿಂತು ಬೇರೆಯವರನ್ನು ಆಡಿಸಲು ಹೊರಟಾಗ ಏನಾಗುತ್ತದೆ? ಚೆನ್ನಾಗಿ ಕುಣಿಯಬಲ್ಲವರಿಗೆಲ್ಲ ಕುಣಿಸುವ ವಿದ್ಯೆ ತಾನಾಗಿ ಬಂದುಬಿಡುವುದಿಲ್ಲ. ಅದು ಬೇರೆಯೇ ವಿದ್ಯೆ. ಅದಕ್ಕೆ ಬೇರೆಯೇ ಶಾಲೆ ಬೇಕು, ಕಲಿತ ಮೇಲೆ ಕೆಲಸ ಕೊಡುವ ಸಂಸ್ಥೆಗಳೂ ಬೇಕು. ಕರ್ನಾಟಕದಲ್ಲಿ ಈ ದಾರಿ ತುಳಿದವರಲ್ಲಿ ಮುಖ್ಯವಾದ ಒಂದು ಹೆಸರು ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್. ಅವರ ಬದುಕನ್ನು ಅದೇ ಕಾಲದ ಇಟಲಿಯ ಗೋಲುಗಾರ ಜಾನ್‌ಲೂಕಾ ವಿಯಾಲಿಯ ಬದುಕಿನ ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಫುಟ್‌ಬಾಲ್‌ನ ಕೊರತೆ ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ.

ದಂಡು ಪ್ರದೇಶದ ಚೆಂಡು

ಮಲೆನಾಡಿಗೆ ಫುಟ್‌ಬಾಲ್ ದೂರದ ಆಟ. ಇಲ್ಲಿನ ಶಾಲಾ ಬಯಲುಗಳಲ್ಲಿ, ಗದ್ದೆ ಕೊಯ್ಲಾದ ಮೇಲಿನ ಮಕ್ಕಿಗಳಲ್ಲಿ ಹೆಚ್ಚಾಗಿ ಕಾಣಸಿಗುವುದು ವಾಲಿಬಾಲ್, ಕಬಡ್ಡಿ ಮತ್ತು ಕ್ರಿಕೆಟ್. ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಮಳೆಗಾಲದಲ್ಲಿ ಬಯಲೆಲ್ಲ ನೀರಾಗಿರುತ್ತದೆ. ಆದರೆ ಕೋಲ್ಕತ್ತದಲ್ಲಿ ಫುಟ್‌ಬಾಲ್ ರಂಗೇರುವುದು ಆ ಮಳೆಯಲ್ಲಿಯೇ. ಹೀಗಾಗಿ ಕರ್ನಾಟಕದ ಫುಟ್‌ಬಾಲ್ ಎಂದಾಗ ಮಾತು ಬೆಂಗಳೂರಿಗೆ, ಬೆಂಗಳೂರಿನಲ್ಲೂ ಹಳೆಯ ದಂಡು ಪ್ರದೇಶಕ್ಕೆ ಹೋಗುತ್ತದೆ.

ಬ್ರಿಟಿಷ್ ಸೈನ್ಯದ ಪಡೆಗಳು ನೆಲೆಸಿದ್ದ ಆ ಭಾಗದಲ್ಲಿ ಸಿಪಾಯಿಗಳು ಆಡುತ್ತಿದ್ದ ಚೆಂಡನ್ನು ಸುತ್ತಲಿನ ಬಡಾವಣೆಗಳ ಹುಡುಗರು ಬರಿಗಾಲಿನಲ್ಲೇ ಒದೆಯಲು ಕಲಿತರು. ಆಸ್ಟಿನ್ ಟೌನ್, ಗೌತಮಪುರ, ಶಿವಾಜಿನಗರದ ಕಡೆಗಳಲ್ಲಿ ಆಟ ಬೇರೂರಿತು. ಕೂಲಿ ಮಾಡುವವರ, ಸಣ್ಣ ವ್ಯಾಪಾರಿಗಳ, ಕಾರ್ಖಾನೆ ನೌಕರರ ಮಕ್ಕಳು ಆಡಿದ ಆಟವಿದು. ಗೌತಮಪುರದಲ್ಲಿ ಬ್ರೆಜಿಲ್‌ನ ಪೆಲೆಯ ಪ್ರತಿಮೆಯೂ ನಿಂತಿದೆ ಎಂದರೆ ಅಲ್ಲಿನವರ ಹುಚ್ಚು ಎಷ್ಟಿರಬಹುದೆಂದು ಊಹಿಸಬಹುದು.

ಈ ನೆಲದಿಂದ ಎದ್ದು ಬಂದ ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. 1891ರಿಂದ ನಡೆಯುತ್ತ ಬಂದಿದ್ದ ಆ ಟೂರ್ನಿಯಲ್ಲಿ ಅಲ್ಲಿಯ ತನಕ ಬ್ರಿಟಿಷ್ ಪಡೆಗಳ ತಂಡಗಳದೇ ಪಾರಮ್ಯ. ಅದನ್ನು ಮುರಿದ ಮೊದಲ ಭಾರತೀಯ ತಂಡ ಬೆಂಗಳೂರಿನದು. ಮರುವರ್ಷವೂ ಕಪ್ಪು ಬೆಂಗಳೂರಿಗೇ ಬಂತು. ರಾಜ್ಯಗಳ ನಡುವಣ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1946–47, 1952–53, 1967–68 ಮತ್ತು 1968–69ರಲ್ಲಿ ಗೆದ್ದುಕೊಂಡಿತು.

ಸ್ವತಂತ್ರ ಭಾರತ ಒಲಿಂಪಿಕ್ಸ್‌ನಲ್ಲಿ ಹೊಡೆದ ಮೊದಲ ಫುಟ್‌ಬಾಲ್ ಗೋಲು ಕೂಡ ಬೆಂಗಳೂರಿನ ಕಾಲಿನಿಂದಲೇ ಬಂದದ್ದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಆ ಗೋಲು ಗಳಿಸಿದವರು ಸಾರಂಗಪಾಣಿ ರಾಮನ್. ಭಾರತದ ಹೆಚ್ಚಿನ ಆಟಗಾರರು ಅಂದು ಬೂಟು ಹಾಕಿರಲಿಲ್ಲ. ಸಿಕ್ಕ ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು ತಂಡ 1–2ರಿಂದ ಸೋತಿತಾದರೂ ಪ್ರೇಕ್ಷಕರ ಮನಸ್ಸು ಗೆದ್ದುಬಂತು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮತ್ತು ಧನರಾಜ್ ಮುಂದೆ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬು ಸೇರಿದರು. ವೆಂಕಟೇಶ್, ಅಪ್ಪಾ ರಾವ್, ಸಾಲೇ ಅವರೊಂದಿಗೆ ಸೇರಿ ಈ ಐವರು ಮುಂಚೂಣಿ ಆಟಗಾರರು 'ಪಂಚಪಾಂಡವರು' ಎಂದು ಹೆಸರಾದರು. 1949ರಿಂದ 1951ರವರೆಗೆ ಸತತ ಮೂರು ವರ್ಷ ಐಎಫ್ಎ ಶೀಲ್ಡ್ ಈಸ್ಟ್ ಬೆಂಗಾಲ್ ಪಾಲಾಯಿತು.

ಇಲ್ಲಿಂದಲೇ ಒಂದು ಪದ್ಧತಿ ಬೆಳೆದುಬಂತು. ಬೆಂಗಳೂರು ಆಟಗಾರರನ್ನು ಬೆಳೆಸುವುದು, ಕೋಲ್ಕತ್ತ ಅವರನ್ನು ಕೊಂಡೊಯ್ಯುವುದು. ಅಲ್ಲಿ ಹಣವಿತ್ತು, ಲಕ್ಷಗಟ್ಟಲೆ ಅಭಿಮಾನಿಗಳಿದ್ದರು. ಇಲ್ಲಿ ಐಟಿಐ, ಎಚ್ಎಎಲ್‌ನಂಥ ಸರ್ಕಾರಿ ಕಾರ್ಖಾನೆಗಳ ತಂಡಗಳಿದ್ದವು. ಆಟಗಾರನಿಗೆ ನೌಕರಿ ಸಿಗುತ್ತಿತ್ತು. ಆಟ ನಿಂತ ಮೇಲೆ ನೌಕರಿ ಉಳಿಯುತ್ತಿತ್ತು. ಆದರೆ ಆತ ಕಲಿತ ವಿದ್ಯೆ ಮುಂದಿನವರಿಗೆ ದಾಟಿಸಲು ಯಾವ ಏರ್ಪಾಡೂ ಇರಲಿಲ್ಲ.

ಜಮ್ಶೆಡ್‌ಪುರದ ಹಾದಿ

ಕಾರ್ಲ್‌ಟನ್ ಚಾಪ್‌ಮನ್ ಹುಟ್ಟಿದ್ದು 1971ರ ಏಪ್ರಿಲ್ 13ರಂದು ಬೆಂಗಳೂರಿನಲ್ಲಿ, ಆಂಗ್ಲೋ ಇಂಡಿಯನ್ ಕುಟುಂಬವೊಂದರಲ್ಲಿ. ಹಿಂದಿನ ತಲೆಮಾರಿನವರಿಗೆ ಸಿಗದ ಒಂದು ಅವಕಾಶ ಅವರಿಗೆ ಸಿಕ್ಕಿತು. ಟಾಟಾ ಸಂಸ್ಥೆ 1987ರಲ್ಲಿ ಜಮ್ಶೆಡ್‌ಪುರದಲ್ಲಿ ಫುಟ್‌ಬಾಲ್ ಅಕಾಡೆಮಿಯೊಂದನ್ನು ತೆರೆಯಿತು. ದೇಶದ ಮೂಲೆಮೂಲೆಯಿಂದ ಹುಡುಗರನ್ನು ಆರಿಸಿ, ಊಟ, ವಸತಿ, ಓದು, ತರಬೇತಿ ಎಲ್ಲವನ್ನೂ ಒಂದೇ ಕಡೆ ಕೊಡುವ ಗುರುಕುಲದಂಥ ವ್ಯವಸ್ಥೆ ಅದು. ಚಾಪ್‌ಮನ್ 1990ರಲ್ಲಿ ಅಲ್ಲಿಗೆ ಸೇರಿದರು. ಗಲ್ಲಿಯಲ್ಲಿ ಕಲಿತ ಚುರುಕಿಗೆ ಅಲ್ಲಿ ಶಿಸ್ತಿನ ಚೌಕಟ್ಟು ಸಿಕ್ಕಿತು.

1993ರಲ್ಲಿ ಅವರು ಈಸ್ಟ್ ಬೆಂಗಾಲ್ ಸೇರಿದರು. ಆ ಹೊತ್ತಿಗೆ ಅವರಿಗೆ 22 ವರ್ಷ. ಏಷ್ಯನ್ ಕಪ್ ವಿನ್ನರ್ಸ್ ಕಪ್ ಟೂರ್ನಿಯಲ್ಲಿ ಇರಾಕಿನ ಬಲಾಢ್ಯ ತಂಡ ಅಲ್ ಜವ್ರಾ ಎದುರಾಳಿಯಾಗಿ ಬಂತು. ಕೋಲ್ಕತ್ತದಲ್ಲಿ ನಡೆದ ಪಂದ್ಯವನ್ನು ಈಸ್ಟ್ ಬೆಂಗಾಲ್ 6–2ರಿಂದ ಗೆದ್ದಿತು. ಅದರಲ್ಲಿ ಮೂರು ಗೋಲು ಚಾಪ್‌ಮನ್ ಅವರವು. ಅವರು ಸ್ಟ್ರೈಕರ್ ಎಂದೇ ಗುರುತಿಸಿಕೊಂಡವರಲ್ಲ. ಮೈದಾನದ ನಡುಭಾಗದಲ್ಲಿ ನಿಂತು ಎದುರಾಳಿಯ ಚೆಂಡು ಕಸಿಯುವುದು, ಮುಂದಿನವರಿಗೆ ದಾಟಿಸುವುದು, ಜಾಗ ಕಂಡರೆ ತಾವೇ ನುಗ್ಗುವುದು ಅವರ ಕೆಲಸ. ಇಂಥ ಜಾಗದಲ್ಲಿ ಆಡುವವನಿಗೆ ಇಡೀ ಮೈದಾನ ಕಾಣುತ್ತಿರಬೇಕಾಗುತ್ತದೆ. ಮುಂದೆ ತರಬೇತುದಾರನಾಗುವವನಿಗೆ ಇದು ಒಳ್ಳೆಯ ಪಾಠಶಾಲೆ.

ಎರಡು ವರ್ಷಗಳ ನಂತರ ಅವರು ಪಂಜಾಬಿನ ಫಗ್ವಾರಾಕ್ಕೆ ಹೋದರು. ಅಲ್ಲಿನ ಜೆಸಿಟಿ ಬಟ್ಟೆ ಗಿರಣಿಯ ತಂಡದಲ್ಲಿ ಕೇರಳದ ಐ.ಎಂ. ವಿಜಯನ್, ಸಿಕ್ಕಿಮ್‌ನ ಬೈಚುಂಗ್ ಭುಟಿಯಾ ಮುಂಚೂಣಿಯಲ್ಲಿದ್ದರೆ ಅವರ ಹಿಂದೆ ಚಾಪ್‌ಮನ್. ದಕ್ಷಿಣ, ಈಶಾನ್ಯ, ವಾಯವ್ಯಗಳು ಒಂದೇ ಅಂಗಿ ತೊಟ್ಟು ಆಡಿದ ತಂಡವದು. ಚಾಪ್‌ಮನ್ ಇದ್ದ ಅವಧಿಯಲ್ಲಿ ಜೆಸಿಟಿ ಗೆದ್ದದ್ದು 14 ಟೂರ್ನಿಗಳು. ಎಲ್ಲಕ್ಕಿಂತ ಮುಖ್ಯವಾದದ್ದು 1996–97ರ ನ್ಯಾಷನಲ್ ಫುಟ್‌ಬಾಲ್ ಲೀಗ್. ದೇಶದ ಎಲ್ಲ ದೊಡ್ಡ ತಂಡಗಳನ್ನು ಒಂದೇ ಕಣಕ್ಕೆ ತಂದ ಮೊದಲ ಲೀಗ್ ಅದು. ಅದರ ಮೊದಲ ಚಾಂಪಿಯನ್ ಜೆಸಿಟಿ.

ಇದೇ ವರ್ಷಗಳಲ್ಲಿ ಅವರು ಭಾರತ ತಂಡದ ಖಾಯಂ ಆಟಗಾರರಾಗಿದ್ದರು, ನಾಯಕತ್ವವನ್ನೂ ವಹಿಸಿದರು. 1997ರಲ್ಲಿ ಕಠ್ಮಂಡುವಿನಲ್ಲಿ ನಡೆದ ದಕ್ಷಿಣ ಏಷ್ಯಾ ರಾಷ್ಟ್ರಗಳ ಚಾಂಪಿಯನ್‌ಷಿಪ್‌ನ ಫೈನಲ್‌ನಲ್ಲಿ ಭಾರತ ಮಾಲ್ಡೀವ್ಸ್ ತಂಡವನ್ನು 5–1ರಿಂದ ಸೋಲಿಸಿ ಪ್ರಶಸ್ತಿ ಪಡೆಯಿತು.

1997ರಲ್ಲಿ ಕೇರಳದಲ್ಲಿ ಎಫ್‌ಸಿ ಕೊಚ್ಚಿನ್ ಎಂಬ ವೃತ್ತಿಪರ ಕ್ಲಬ್ಬು ಹುಟ್ಟಿದಾಗ ವಿಜಯನ್ ಜೊತೆ ಚಾಪ್‌ಮನ್ ಕೂಡ ಅಲ್ಲಿಗೆ ಹೋದರು. ಅಲ್ಲಿ ಹೆಚ್ಚು ದಿನ ನಿಲ್ಲದೆ 1998ರಲ್ಲಿ ಈಸ್ಟ್ ಬೆಂಗಾಲ್‌ಗೆ ಮರಳಿದರು. 2000–01ರ ನ್ಯಾಷನಲ್ ಲೀಗ್ ಪ್ರಶಸ್ತಿಯನ್ನು ಆ ಕ್ಲಬ್ಬು ಗೆದ್ದಾಗ ನಾಯಕ ಅವರೇ. ಆ ಗೆಲುವಿನೊಂದಿಗೆ ವೃತ್ತಿಪರ ಆಟ ನಿಲ್ಲಿಸಿದರು. ಆಗ ಅವರ ವಯಸ್ಸು ಮೂವತ್ತು.

ಮತ್ತೆ ಮೊದಲಿನಿಂದ

ಆಟ ಬಿಟ್ಟ ಮರುವರ್ಷ, 2002ರಲ್ಲಿ, ಚಾಪ್‌ಮನ್ ತಾವು ಕಲಿತ ಟಾಟಾ ಅಕಾಡೆಮಿಗೇ ತರಬೇತುದಾರರಾಗಿ ಹಿಂದಿರುಗಿದರು. ಶಿಷ್ಯ ಅದೇ ಮಠದಲ್ಲಿ ಗುರುವಾದಂತಾಯಿತು. ಅಕಾಡೆಮಿಯ ಕೆಲಸದಲ್ಲಿ ಕಪ್ಪು, ಮೆರವಣಿಗೆಗಳಿಲ್ಲ. ಹದಿನಾರು ಹದಿನೇಳರ ಹುಡುಗರಿಗೆ ಚೆಂಡನ್ನು ಹೇಗೆ ನಿಲ್ಲಿಸಬೇಕು, ಚೆಂಡಿಲ್ಲದಾಗ ಎಲ್ಲಿ ನಿಲ್ಲಬೇಕು ಎಂಬುದನ್ನು ದಿನವೂ ಹೇಳಿಕೊಡುತ್ತಿರಬೇಕು. ಫಲ ಕಾಣುವುದು ಐದಾರು ವರ್ಷಗಳ ಮೇಲೆ. ಅಷ್ಟರಲ್ಲಿ ಆ ಹುಡುಗ ಬೇರೆ ಯಾವುದೋ ಕ್ಲಬ್ಬಿನವನಾಗಿರುತ್ತಾನೆ. ಅಡಿಕೆ ಸಸಿ ನೆಟ್ಟು ಕಾಯುವವರಿಗೆ ಇಂಥ ತಾಳ್ಮೆಯ ಬೆಲೆ ಗೊತ್ತು.

ಅಲ್ಲಿಂದ ಅವರು ಮೇಘಾಲಯದ ಶಿಲ್ಲಾಂಗ್‌ಗೆ ಹೋಗಿ ರಾಯಲ್ ವಾಹಿಂಗ್ಡೋ ತಂಡದ ಹೊಣೆ ಹೊತ್ತರು. ಆಗ ಅದು ಸ್ಥಳೀಯ ಲೀಗ್‌ನಲ್ಲಿ ಆಡುತ್ತಿದ್ದ ಸಣ್ಣ ಕ್ಲಬ್ಬು. ಚಾಪ್‌ಮನ್ ಕೈಯಲ್ಲಿ ಅದು ಶಿಲ್ಲಾಂಗ್ ಲೀಗ್‌ನಲ್ಲಿ ಮುಂಚೂಣಿಗೆ ಬಂತು. ಅವರು ಬಿಟ್ಟ ಕೆಲವು ವರ್ಷಗಳ ನಂತರ, 2014–15ರಲ್ಲಿ, ಆ ತಂಡ ದೇಶದ ಅಗ್ರ ಲೀಗ್ ಆಗಿದ್ದ ಐ–ಲೀಗ್‌ಗೆ ಏರಿ ಮೂರನೆಯ ಸ್ಥಾನ ಪಡೆಯಿತು. ಆಗ ತರಬೇತುದಾರರಾಗಿದ್ದವರು ಬೇರೆಯವರು.

ಕೋಲ್ಕತ್ತದ ಭವಾನಿಪುರ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ದೆಹಲಿಯ ಸುದೇವ, ಕೋಝಿಕ್ಕೋಡಿನ ಕ್ವಾರ್ಟ್ಜ್ ತಂಡಗಳೊಂದಿಗೂ ಅವರು ಕೆಲಸ ಮಾಡಿದರು. ಹೆಸರುಗಳನ್ನು ನೋಡಿದರೆ ಸಾಕು: ಬಹುತೇಕ ಎರಡನೆಯ ದರ್ಜೆಯ ತಂಡಗಳು, ಸ್ಥಳೀಯ ಲೀಗ್‌ಗಳು, ಹುಡುಗರ ಶಾಲೆಗಳು. ಭಾರತ ತಂಡದ ನಾಯಕನಾಗಿದ್ದವರು, ಎರಡು ಬೇರೆ ಬೇರೆ ಕ್ಲಬ್ಬುಗಳೊಂದಿಗೆ ರಾಷ್ಟ್ರೀಯ ಲೀಗ್ ಗೆದ್ದವರು, ತರಬೇತುದಾರನ ಬದುಕನ್ನು ಕೆಳಗಿನ ಮೆಟ್ಟಿಲಿನಿಂದ ಶುರುಮಾಡಿದರು. ಅದರಲ್ಲಿ ತಪ್ಪೇನಿಲ್ಲ. ತಪ್ಪಿದ್ದರೆ ಅದು ಏಣಿಯದು. ಕೆಳಗಿನ ಮೆಟ್ಟಿಲಿಗೂ ಮೇಲಿನ ಮೆಟ್ಟಿಲಿಗೂ ನಡುವೆ ಬೇರೆ ಮೆಟ್ಟಿಲುಗಳೇ ಇರಲಿಲ್ಲ.

2020ರ ಅಕ್ಟೋಬರ್ 12ರ ಸೋಮವಾರ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಚಾಪ್‌ಮನ್ ಹೃದಯಾಘಾತದಿಂದ ತೀರಿಕೊಂಡರು. ಅವರಿಗೆ 49 ವರ್ಷ. ತರಬೇತುದಾರರ ಪಾಲಿಗೆ ಅದು ನಡುವಯಸ್ಸು ಅಷ್ಟೆ. ಅನುಭವ ಹಣ್ಣಾಗುವ ಕಾಲ.

ಕ್ರೆಮೋನಾದ ಹುಡುಗ

ಈಗ ಇಟಲಿಯ ಕಡೆ ನೋಡಬಹುದು. ಚಾಪ್‌ಮನ್‌ಗಿಂತ ಏಳು ವರ್ಷ ಮೊದಲು, 1964ರ ಜುಲೈ 9ರಂದು, ಉತ್ತರ ಇಟಲಿಯ ಕ್ರೆಮೋನಾದಲ್ಲಿ ಜಾನ್‌ಲೂಕಾ ವಿಯಾಲಿ ಹುಟ್ಟಿದ. ಪಿಟೀಲು ತಯಾರಿಕೆಗೆ ಜಗತ್ತಿನಲ್ಲೇ ಹೆಸರಾದ ಊರದು. ಹಣವಂತರ ಮನೆಯ ಹುಡುಗ. ಊರಿನ ತಂಡದಲ್ಲಿ ಆಡಿ, 1984ರಲ್ಲಿ ಜಿನೋವಾ ನಗರದ ಸ್ಯಾಂಪ್ಡೋರಿಯಾ ಸೇರಿದ. ಅಲ್ಲಿ ರೊಬರ್ಟೊ ಮ್ಯಾನ್ಸಿನಿಯ ಜೊತೆಗೂಡಿ ಆಡಿದ ಆಟಕ್ಕೆ ಇಬ್ಬರನ್ನೂ 'ಗೋಲಿನ ಅವಳಿಗಳು' ಎಂದೇ ಕರೆಯುತ್ತಿದ್ದರು. 1990ರಲ್ಲಿ ಯೂರೋಪಿನ ಕಪ್ ವಿನ್ನರ್ಸ್ ಕಪ್ ಫೈನಲ್‌ನ ಎರಡೂ ಗೋಲು ವಿಯಾಲಿಯವೇ. 1990–91ರಲ್ಲಿ 19 ಗೋಲು ಹೊಡೆದು ಸ್ಯಾಂಪ್ಡೋರಿಯಾಕ್ಕೆ ಅದರ ಇತಿಹಾಸದ ಮೊದಲ ಇಟಲಿ ಲೀಗ್ ಪ್ರಶಸ್ತಿ ತಂದುಕೊಟ್ಟ.

1990ರ ವಿಶ್ವಕಪ್ಪನ್ನು ದೂರದರ್ಶನದಲ್ಲಿ ನಿದ್ದೆಗೆಟ್ಟು ನೋಡಿದವರಿಗೆ ಇಟಲಿಯ ಸ್ಕಿಲಾಚಿಯ ಅರಳಿದ ಕಣ್ಣುಗಳು ನೆನಪಿರಬಹುದು. ಆ ಟೂರ್ನಿಗೆ ಇಟಲಿಯ ಮುಖ್ಯ ಗೋಲುಗಾರನಾಗಿ ಬಂದಿದ್ದವನು ವಿಯಾಲಿ. ಅಮೆರಿಕದ ವಿರುದ್ಧ ಪೆನಾಲ್ಟಿ ತಪ್ಪಿದ. ಕೊನೆಗೆ ಸ್ಕಿಲಾಚಿಗೆ ಜಾಗ ಬಿಟ್ಟುಕೊಡಬೇಕಾಯಿತು. ಅದೇ ವಿಯಾಲಿ 1996ರಲ್ಲಿ ಯುವೆಂಟಸ್ ನಾಯಕನಾಗಿ ಯೂರೋಪಿನ ಚಾಂಪಿಯನ್ಸ್ ಲೀಗ್ ಕಪ್ಪನ್ನು ರೋಮ್ ನಗರದಲ್ಲಿ ಎತ್ತಿ ಹಿಡಿದ.

ನಂತರ ಲಂಡನ್ನಿನ ಚೆಲ್ಸಿ ಕ್ಲಬ್ಬು. 1998ರ ಫೆಬ್ರುವರಿಯಲ್ಲಿ ಕ್ಲಬ್ಬಿನವರು ಮ್ಯಾನೇಜರ್ ರೂಡ್ ಗುಲಿಟ್‌ನನ್ನು ತೆಗೆದುಹಾಕಿ, ಇನ್ನೂ ಆಡುತ್ತಿದ್ದ 33 ವರ್ಷದ ವಿಯಾಲಿಗೆ ಆ ಕುರ್ಚಿ ಕೊಟ್ಟರು. ಆಟಗಾರನೂ ಅವನೇ, ಆಡಿಸುವವನೂ ಅವನೇ. ನಿನ್ನೆಯವರೆಗೆ ಹೆಗಲ ಮೇಲೆ ಕೈಹಾಕಿ ನಗುತ್ತಿದ್ದ ಗೆಳೆಯನಿಗೆ ಇಂದು 'ನೀನು ಈ ಪಂದ್ಯದಲ್ಲಿಲ್ಲ' ಎಂದು ಹೇಳಬೇಕಾದ ಸ್ಥಿತಿ. ಆರ್ಸೆನಲ್ ವಿರುದ್ಧದ ಮೊದಲ ಪಂದ್ಯಕ್ಕೆ ಮುನ್ನ ಉಡುಪು ಬದಲಿಸುವ ಕೋಣೆಯಲ್ಲಿ ಎಲ್ಲರಿಗೂ ಒಂದೊಂದು ಲೋಟ ಶಾಂಪೇನ್ ಹಂಚಿ ಆತ ಆ ಬಿಗುವನ್ನು ಸಡಿಲಿಸಿದನಂತೆ. ಆ ಪಂದ್ಯವನ್ನು ಚೆಲ್ಸಿ ಗೆದ್ದಿತು. ಅದೇ ವರ್ಷ ಇಂಗ್ಲೆಂಡಿನ ಲೀಗ್ ಕಪ್, ಯೂರೋಪಿನ ಕಪ್ ವಿನ್ನರ್ಸ್ ಕಪ್, ಸೂಪರ್ ಕಪ್. 2000ದಲ್ಲಿ ಎಫ್ಎ ಕಪ್, ಚಾರಿಟಿ ಶೀಲ್ಡ್. ಮೂರು ವರ್ಷದೊಳಗೆ ಐದು ಪ್ರಶಸ್ತಿ. ಆದರೂ 2000ದ ಸೆಪ್ಟೆಂಬರ್‌ನಲ್ಲಿ ಫಲಿತಾಂಶ ಸರಿಯಿಲ್ಲವೆಂದು ವಿಯಾಲಿಯನ್ನೂ ಮನೆಗೆ ಕಳಿಸಿದರು. ಮುಂದೆ ವ್ಯಾಟ್‌ಫರ್ಡ್ ತಂಡದಲ್ಲಿ ಕಳೆದದ್ದು ಒಂದೇ ವರ್ಷ. ಅಲ್ಲಿ ಯಶಸ್ಸು ಸಿಗಲಿಲ್ಲ.

ಮ್ಯಾನೇಜರ್ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಫುಟ್‌ಬಾಲ್ ವಿಯಾಲಿಯನ್ನು ಬಿಡಲಿಲ್ಲ. ಇಟಲಿ ಮತ್ತು ಇಂಗ್ಲೆಂಡಿನ ಆಟದ ಸಂಸ್ಕೃತಿಗಳನ್ನು ಹೋಲಿಸಿ ಪತ್ರಕರ್ತರೊಬ್ಬರ ಜೊತೆ ಪುಸ್ತಕ ಬರೆದ. ಟೆಲಿವಿಷನ್‌ನಲ್ಲಿ ವಿಶ್ಲೇಷಣೆ ಮಾಡಿದ. 2019ರಲ್ಲಿ ಹಳೆಯ ಜೊತೆಗಾರ ಮ್ಯಾನ್ಸಿನಿ ಇಟಲಿ ತಂಡದ ಕೋಚ್ ಆಗಿದ್ದಾಗ, ಕ್ಯಾನ್ಸರ್‌ನೊಂದಿಗೆ ಹೋರಾಡುತ್ತಿದ್ದ ವಿಯಾಲಿಯನ್ನು ರಾಷ್ಟ್ರೀಯ ತಂಡದ ನಿಯೋಗದ ಮುಖ್ಯಸ್ಥನನ್ನಾಗಿ ಕರೆಸಿಕೊಂಡರು. 1992ರಲ್ಲಿ ಇದೇ ಇಬ್ಬರು ಲಂಡನ್ನಿನ ವೆಂಬ್ಲಿಯಲ್ಲಿ ಬಾರ್ಸಿಲೋನಾಕ್ಕೆ ಸೋತು ಯೂರೋಪಿಯನ್ ಕಪ್ ಕಳೆದುಕೊಂಡಿದ್ದರು. 29 ವರ್ಷಗಳ ನಂತರ, 2021ರ ಜುಲೈ 11ರಂದು, ಅದೇ ವೆಂಬ್ಲಿಯಲ್ಲಿ ಇಟಲಿ ಯೂರೋಪಿನ ಚಾಂಪಿಯನ್ ಆದಾಗ ಇಬ್ಬರೂ ಅಪ್ಪಿಕೊಂಡು ಅತ್ತರು. 2023ರ ಜನವರಿ 6ರಂದು ವಿಯಾಲಿ ಲಂಡನ್ನಿನಲ್ಲಿ ತೀರಿಕೊಂಡಾಗ 58 ವರ್ಷ.

ಶಾಲೆಯೂ ಬೇಕು, ಏಣಿಯೂ ಬೇಕು

ಇಬ್ಬರ ಪ್ರತಿಭೆಯನ್ನು ಹೋಲಿಸುವುದು ಇಲ್ಲಿನ ಉದ್ದೇಶವಲ್ಲ. ಅವರ ಕಾಲ ಕೆಳಗಿನ ನೆಲವನ್ನು ಹೋಲಿಸಬೇಕು.

ಇಟಲಿಯ ಫ್ಲಾರೆನ್ಸ್ ನಗರದ ಅಂಚಿನಲ್ಲಿ ಕವರ್ಚಾನೊ ಎಂಬಲ್ಲಿ ಅಲ್ಲಿನ ಫುಟ್‌ಬಾಲ್ ಸಂಸ್ಥೆಯ ಕೇಂದ್ರವಿದೆ. 1958ರಿಂದ ನಡೆಯುತ್ತಿರುವ ಈ ಕೇಂದ್ರ ತರಬೇತುದಾರರ ವಿಶ್ವವಿದ್ಯಾಲಯ ಇದ್ದಂತೆ. ಎಷ್ಟೇ ದೊಡ್ಡ ಆಟಗಾರನಾಗಿದ್ದರೂ ಇಟಲಿಯ ಅಗ್ರ ತಂಡಕ್ಕೆ ಕೋಚ್ ಆಗಬೇಕಾದರೆ ಇಲ್ಲಿ ಪಾಠ ಕೇಳಬೇಕು, ಪರೀಕ್ಷೆ ಬರೆಯಬೇಕು, ಪ್ರಬಂಧ ಒಪ್ಪಿಸಬೇಕು. 2001ರಲ್ಲಿ ಮ್ಯಾನ್ಸಿನಿ ಈ ಅರ್ಹತೆ ಇಲ್ಲದೆ ಫಿಯೊರೆಂಟಿನಾ ತಂಡದ ಹೊಣೆ ಹೊತ್ತಾಗ ವಿಶೇಷ ಅನುಮತಿ ಬೇಕಾಯಿತು. ಅದಕ್ಕೆ ದೊಡ್ಡ ತಕರಾರೂ ಎದ್ದಿತು. ನಿನ್ನೆಯ ಗೋಲುಗಾರ ನಾಳೆ ಗುರುವಾಗಬೇಕಾದರೆ ನಡುವೆ ವಿದ್ಯಾರ್ಥಿಯಾಗಲೇಬೇಕು ಎಂಬುದು ಅಲ್ಲಿನ ನಿಯಮ. ಕಲಿತು ಹೊರಬಂದವರಿಗೆ ಮೂರನೆಯ ದರ್ಜೆ, ಎರಡನೆಯ ದರ್ಜೆ, ಮೊದಲ ದರ್ಜೆ ಎಂದು ಒಂದರ ಮೇಲೊಂದು ಲೀಗ್‌ಗಳಿವೆ. ಕೆಳಗೆ ಗೆದ್ದವನು ಮೇಲೆ ಹೋಗುತ್ತಾನೆ. ಸೋತವನಿಗೂ ಆಟದಲ್ಲೇ ಬೇರೆ ಕೆಲಸ ಸಿಗುತ್ತದೆ.

ಚಾಪ್‌ಮನ್ ಸೇವೆ ಸಲ್ಲಿಸಿದ ತಂಡಗಳ ಗತಿ ನೋಡಿದರೆ ಇಲ್ಲಿನ ಚಿತ್ರ ಸಿಗುತ್ತದೆ. ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಜೆಸಿಟಿ 2011ರಲ್ಲಿ ತಂಡವನ್ನೇ ಮುಚ್ಚಿತು. ಸದ್ದುಗದ್ದಲದಿಂದ ಹುಟ್ಟಿದ ಎಫ್‌ಸಿ ಕೊಚ್ಚಿನ್ ಕೆಲವೇ ವರ್ಷಗಳಲ್ಲಿ ಮಾಯವಾಯಿತು. ಐ–ಲೀಗ್‌ನಲ್ಲಿ ಮೂರನೆಯ ಸ್ಥಾನ ಪಡೆದ ರಾಯಲ್ ವಾಹಿಂಗ್ಡೋ ಆ ಒಂದೇ ವರ್ಷದ ನಂತರ ಲೀಗ್‌ನಿಂದ ಹಿಂದೆ ಸರಿಯಿತು. ಶತಮಾನ ಕಂಡ ಈಸ್ಟ್ ಬೆಂಗಾಲ್ ಮಾತ್ರ ಉಳಿದಿದೆ. ಮೇಳವೇ ಮುಚ್ಚಿಹೋದರೆ ಭಾಗವತರು ಯಾರನ್ನು ಕುಣಿಸಬೇಕು?

2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಶುರುವಾದಾಗ ಹಣ ಬಂತು, ಜನ ಬಂದರು. ಆದರೆ ತಂಡಗಳ ಮಾಲೀಕರು ಮುಖ್ಯ ಕೋಚ್ ಹುದ್ದೆಗೆ ವಿದೇಶಿಯರನ್ನೇ ಹುಡುಕಿದರು. ಭಾರತೀಯರು ಅವರ ಸಹಾಯಕರಾದರು. ಚಾಪ್‌ಮನ್ ಕಾಲದಲ್ಲೇ ಆಡಿದ್ದ ಖಾಲಿದ್ ಜಮೀಲ್ 2017ರಲ್ಲಿ ಮಿಜೋರಾಂನ ಪುಟ್ಟ ತಂಡ ಐಜ್ವಾಲ್‌ಗೆ ಐ–ಲೀಗ್ ಗೆದ್ದುಕೊಟ್ಟರು. ಅಷ್ಟಾದರೂ ಸೂಪರ್ ಲೀಗ್ ತಂಡವೊಂದರ ಪೂರ್ಣಾವಧಿ ಮುಖ್ಯ ಕೋಚ್ ಆಗಿ ನೇಮಕವಾಗಲು ಅವರು 2021ರವರೆಗೆ ಕಾಯಬೇಕಾಯಿತು. ಆ ಸ್ಥಾನಕ್ಕೇರಿದ ಮೊದಲ ಭಾರತೀಯ ಅವರೇ. 2025ರ ಆಗಸ್ಟ್‌ನಲ್ಲಿ ಅವರು ಭಾರತ ತಂಡದ ಕೋಚ್ ಆದರು. ಬಾಗಿಲು ತೆರೆದಿದೆ, ಆದರೆ ಚಾಪ್‌ಮನ್ ಪಾಲಿಗೆ ತಡವಾಗಿ.

ಶಿವಮೊಗ್ಗ ಜಿಲ್ಲೆಯದೇ ಒಂದು ಉದಾಹರಣೆಯನ್ನು ಇದರ ಎದುರು ಇಡಬಹುದು. ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ 91 ಟೆಸ್ಟ್ ಪಂದ್ಯಗಳಲ್ಲಿ 6,080 ರನ್ ಗಳಿಸಿ ಬ್ಯಾಟು ಕೆಳಗಿಟ್ಟ ಮೇಲೂ ಕ್ರಿಕೆಟ್‌ನಲ್ಲೇ ಉಳಿದರು. ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು, ಭಾರತ ತಂಡದ ಮ್ಯಾನೇಜರ್ ಆದರು, 1999ರಿಂದ 2004ರವರೆಗೆ ಅಂತರರಾಷ್ಟ್ರೀಯ ಪಂದ್ಯಗಳ ರೆಫರಿಯಾದರು. ಅದು ಅವರ ಯೋಗ್ಯತೆಗೆ ಸಂದದ್ದು. ಜೊತೆಗೆ ಹಾಗೆ ಸಲ್ಲಿಸಬಲ್ಲ ಶಕ್ತಿ ಕ್ರಿಕೆಟ್ ಸಂಸ್ಥೆಗಳಿಗೆ ಇತ್ತು ಎಂಬುದನ್ನೂ ಮರೆಯುವಂತಿಲ್ಲ.

ಕರ್ನಾಟಕದ ಫುಟ್‌ಬಾಲ್‌ನಲ್ಲಿ ಈಚೆಗೆ ಕೆಲವು ಒಳ್ಳೆಯ ಸುದ್ದಿಗಳಿವೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಪ್ರಯತ್ನದಲ್ಲೇ ಐ–ಲೀಗ್ ಗೆದ್ದಿತು. 2023ರ ಮಾರ್ಚ್ 4ರಂದು ದೂರದ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಮತ್ತೆ ಗೆದ್ದಿತು. ಹಿಂದಿನ ಗೆಲುವಿಗೂ ಇದಕ್ಕೂ ನಡುವೆ 54 ವರ್ಷಗಳ ಅಂತರ. ಮೇಘಾಲಯದ ಹುಡುಗರಿಗೆ ಒಂದು ಕಾಲದಲ್ಲಿ ಪಾಠ ಹೇಳಿದವರು ಬೆಂಗಳೂರಿನ ಚಾಪ್‌ಮನ್ ಎಂಬುದನ್ನು ಇಲ್ಲಿ ನೆನೆಯಬೇಕು.

ಈ 54 ವರ್ಷಗಳಲ್ಲಿ ಬೆಂಗಳೂರು ಆಟಗಾರರನ್ನು ಹುಟ್ಟಿಸುವುದನ್ನು ನಿಲ್ಲಿಸಿರಲಿಲ್ಲ. ಆಡಿ ಬಂದವರ ಅನುಭವವನ್ನು ಊರಿಗೇ ತಿರುಗಿ ಉಣಿಸುವ ಏರ್ಪಾಡು ಮಾತ್ರ ಬೆಳೆಯಲಿಲ್ಲ. ಈ ಮಾತು ಫುಟ್‌ಬಾಲ್‌ಗೆ ಮಾತ್ರ ಸೀಮಿತವಲ್ಲ. ತಾಲ್ಲೂಕು ಮಟ್ಟದ ಕಬಡ್ಡಿಯಲ್ಲೋ ವಾಲಿಬಾಲ್‌ನಲ್ಲೋ ಮಿಂಚಿ ಜಿಲ್ಲೆ, ವಿಭಾಗ ದಾಟಿ ಹೋದ ಹುಡುಗ ಹುಡುಗಿಯರು ಸಾಗರದಲ್ಲೂ ಹೊಸನಗರದಲ್ಲೂ ತೀರ್ಥಹಳ್ಳಿಯಲ್ಲೂ ಸಿಗುತ್ತಾರೆ. ಅವರಿಗೆ ಚಪ್ಪಾಳೆ ತಟ್ಟಿ ಕಳಿಸಿಕೊಡುವುದು ಎಲ್ಲರಿಗೂ ಗೊತ್ತು. ಮೂವತ್ತು ದಾಟಿ ಆಟ ನಿಂತ ಮೇಲೆ ಅದೇ ಊರಿನ ಬಯಲಿನಲ್ಲಿ ಶಿಳ್ಳೆ ಹಿಡಿದು ನಿಲ್ಲಲು ಅವರಿಗೊಂದು ಕೆಲಸ, ಒಂದು ಸಂಬಳ, ಅದಕ್ಕೆ ಬೇಕಾದ ಕಲಿಕೆ ಇದೆಯೇ ಎಂದು ಕೇಳುವವರು ಕಡಿಮೆ. ಗೋಲು ಹೊಡೆದ ಕಾಲು ಹತ್ತು ಹದಿನೈದು ವರ್ಷಕ್ಕೆ ದಣಿಯುತ್ತದೆ. ಅದು ಕಲಿತದ್ದು ದಣಿಯುವುದಿಲ್ಲ. ಕೇಳುವ ಕಿವಿಗಳು ಸಿಕ್ಕರೆ ಇನ್ನೂ ಒಂದು ತಲೆಮಾರಿಗೆ ಸಾಕಾಗುವಷ್ಟು ಉಳಿದಿರುತ್ತದೆ.